ಕೊಲಂಬಸ್ ಹತ್ತಿದ ಬೀಗರು

ಎರಡು ವಾರದ ಹಿಂದೆ ನನಗೆ ಹಾರ್ಟ್ ಕಾಯಿಲೆ ಬಂದಿತ್ತು. ಹೆಚ್ಚು ಹೊತ್ತು ಇರಲಿಲ್ಲ. ಬಂದ ಎರಡು ನಿಮಿಷಕ್ಕೆ ಹೋಯಿತು. ಆದರೆ ಅಷ್ಟರಲ್ಲಿ ಸಿಂಧನೂರಿನಿಂದ ಲಿಂಗಸುಗೂರಿನವರೆಗೆ, ನಡುವಿನ ಮಸ್ಕಿಯನ್ನೂ ಬಿಡದೆ, ಸುದ್ದಿ ಮುಟ್ಟಿತ್ತು.

ನಿಮ್ಮಲ್ಲೂ ಕೆಲವರು ಫೋನ್ ಮಾಡಿದಿರಿ. (ಒಬ್ಬರು "ಹಂಗಾದ್ರ ಅಂಕಣ ನಿಲ್ಲತೈತೇನ್ರಿ?" ಎಂದು ತುಸು ಆಸೆಯಿಂದಲೇ ಕೇಳಿದರು. ಇಲ್ಲ, ನಿಲ್ಲುವುದಿಲ್ಲ.) ಆಗ ಎಲ್ಲರಿಗೂ "ಆರಾಮ ಅದೀನಿ" ಎಂದಷ್ಟೇ ಹೇಳಿದ್ದೆ. ಇವತ್ತು ಪೂರ್ತಿ ಹೇಳುತ್ತೇನೆ. ಹೇಳಲು ಪರವಾನಗಿ ಸಿಕ್ಕಿದೆ.

ನಮ್ಮ ಮಗಳನ್ನು ಕೊಟ್ಟಿರುವುದು ಸಿಂಧನೂರಿನ ಹತ್ತಿರದ ತುರ್ವಿಹಾಳಕ್ಕೆ. ಮದುವೆಯಾಗಿ ಒಂದು ವರ್ಷ. ಬೀಗರು ಭತ್ತ ಬೆಳೆಯುವವರು. ಆರಡಿ ಆಳು, ಕರೀ ಮೀಸೆ (ಬಣ್ಣ ಹಚ್ಚುತ್ತಾರೆಂದು ಮಗಳು ಗುಟ್ಟಾಗಿ ಹೇಳಿದ್ದಾಳೆ), ಮಾತಾಡಿದರೆ ಪಕ್ಕದ ಓಣಿಗೆ ಕೇಳಬೇಕು. ಸಂಬಂಧ ಕುದುರಿಸುವಾಗ ಎರಡೂ ಕಡೆಯವರು ಜಾತಕ ನೋಡಿದೆವು, ಮನೆ ನೋಡಿದೆವು, ಹೊಲ ನೋಡಿದೆವು. ಆರೋಗ್ಯದ ಮಾತು ಬಂದಾಗ ಅವರು "ನಮ್ಮ ಮನ್ಯಾಗ ಎಲ್ಲಾರೂ ಗಟ್ಟಿ ಅದೀವಿ" ಎಂದರು. ನಾವೂ "ನಮ್ಮಲ್ಲೂ ಅಷ್ಟೇ ರೀ" ಎಂದೆವು. ನಾನು ಐದು ವರ್ಷದಿಂದ ಬಿ.ಪಿ. ಗುಳಿಗೆ ನುಂಗುತ್ತಿದ್ದೇನೆ ಎಂಬ ಸಣ್ಣ ವಿಷಯವನ್ನು ಆ ಶುಭ ಸಂದರ್ಭದಲ್ಲಿ ಯಾಕೆ ತೆಗೆಯಬೇಕು?

ಸಿಂಧನೂರಿಗೆ ಎಕ್ಸಿಬಿಷನ್ ಬಂದಿತ್ತು. ಭಾನುವಾರ ಬೀಗರ ಫೋನು. "ಬರ್ರಿ ಬೀಗರ, ಎಲ್ಲಾರೂ ಕೂಡಿ ನೋಡ್ಕೊಂಡ್ ಬರೋಣು." ನಾನು ಮತ್ತು ನನ್ನ ಹೆಂಡತಿ ಲಿಂಗಸುಗೂರಿನಿಂದ ಮಧ್ಯಾಹ್ನದ ಬಸ್ ಹಿಡಿದು ಹೋದೆವು. ಸಂಜೆ ಐದಕ್ಕೆ ಮೈದಾನದಲ್ಲಿದ್ದೆವು. ನನ್ನವಳು ಮತ್ತು ಬೀಗಿತ್ತಿ ಬಳೆ ಅಂಗಡಿ ಹೊಕ್ಕರು. ಮಗಳು ಮೊಬೈಲ್ ಹಿಡಿದು ವಿಡಿಯೋ ಶುರುಮಾಡಿದಳು. ಬೀಗರು ನನ್ನ ಹೆಗಲ ಮೇಲೆ ಕೈ ಹಾಕಿ ಸೀದಾ ಕೊಲಂಬಸ್ ಕಡೆಗೆ ನಡೆದರು.

ಕೊಲಂಬಸ್ ಗೊತ್ತಲ್ಲ? ದೊಡ್ಡ ಹಡಗಿನಂಥದ್ದು. ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಮೊದಲು ತೊಟ್ಟಿಲು ತೂಗಿದ ಹಾಗೆ, ಆಮೇಲೆ ನಿಮ್ಮ ಮೇಲೆ ಹಳೇ ಸಿಟ್ಟು ಇದ್ದ ಹಾಗೆ.

"ಒಂದ್ ರೌಂಡ್ ಹೊಡಿಯೋಣು, ಬೀಗರ."

ಬೀಗರ ಮನೆಯಲ್ಲಿ ಐದನೇ ಹೋಳಿಗೆ ಬಡಿಸಿದರೂ ಒಲ್ಲೆ ಎನ್ನಲು ಬರುವುದಿಲ್ಲ. ಹೆಣ್ಣು ಕೊಟ್ಟವರು ನಾವು. ಕೊಲಂಬಸ್ಸಿಗೆ ಒಲ್ಲೆ ಎನ್ನುವುದು ಹೇಗೆ? "ಅದಕ್ಕೇನ್ರಿ, ಹೊಡಿಯೋಣು" ಎಂದುಬಿಟ್ಟೆ. ಬಾಯಿ ನನ್ನದೇ, ಆದರೆ ಅದು ನನ್ನನ್ನು ಕೇಳಿ ಮಾತಾಡಲಿಲ್ಲ.

ಮೆಟ್ಟಿಲ ಬಳಿ ಕೆಂಪು ಅಕ್ಷರದ ಬೋರ್ಡು. ಹೃದಯ ರೋಗಿಗಳು, ಬಿ.ಪಿ. ಇದ್ದವರು, ಬೆನ್ನು ಕುತ್ತಿಗೆ ನೋವಿನವರು, ಗರ್ಭಿಣಿಯರು, ಕುಡಿದವರು ಹತ್ತಬಾರದು. ನಮ್ಮ ಕಡೆ ಇದನ್ನೆಲ್ಲ ಪಾಲಿಸಿದರೆ ಪಾಪ ಆ ಹಡಗು ಖಾಲಿ ತೂಗಬೇಕಾದೀತು. ನಾವಿಬ್ಬರೂ ಆ ಬೋರ್ಡಿಗೇ ಬೆನ್ನು ಕೊಟ್ಟು ನಿಂತು ಸೆಲ್ಫಿ ತೆಗೆದುಕೊಂಡೆವು. ಫೋಟೋದಲ್ಲಿ ಬೀಗರ ತಲೆಯ ಹಿಂದೆ 'ಹತ್ತಬಾರದು' ಎಂಬುದೊಂದು ಮಾತ್ರ ಕಾಣುತ್ತದೆ.

ಮೆಷಿನ್ ನಡೆಸುವವನು ಮುದಗಲ್ಲಿನ ಇಮಾಮ್‌ಸಾಬ. ನಡುವಯಸ್ಸಿನವನು, ಕೊರಳಲ್ಲಿ ಸೀಟಿ. ಬೋರ್ಡ್ ಹಾಕಿ ಕೈ ತೊಳೆದುಕೊಂಡವನಲ್ಲ. ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳುತ್ತಿದ್ದ. "ಬಿ.ಪಿ., ಶುಗರ್, ಹಾರ್ಟ್ ಏನರ ಐತೇನ್ರಿ ಸಾಬ್? ಖರೇ ಹೇಳ್ರಿ."

"ಏನಿಲ್ಲ" ಎಂದರು ಬೀಗರು.

"ಏನಿಲ್ಲ" ಎಂದೆ ನಾನು. ಅವರಿಗಿಂತ ಜೋರಾಗಿ.

ನಮ್ಮ ಜನರೇ ವಿಚಿತ್ರ. ಲಿಂಗಸುಗೂರಿನಲ್ಲಿ ಬಸ್ ಹತ್ತಿ ಪಕ್ಕದ ಸೀಟಿಗೆ ಕೂತವರು ಮಸ್ಕಿ ಬರುವಷ್ಟರಲ್ಲಿ ತಮ್ಮ ಮೂಲವ್ಯಾಧಿಯ ಇತಿಹಾಸವನ್ನು ಮೊದಲಿಂದ ಹೇಳಿ ಮುಗಿಸಿರುತ್ತಾರೆ. ಸ್ಕ್ಯಾನಿಂಗ್ ಫೋಟೋ ಕೂಡ ಬ್ಯಾಗಿನಿಂದ ಹೊರಬರುತ್ತದೆ. ಯಾರೂ ಕೇಳಿರುವುದಿಲ್ಲ. ಆದರೆ ಜೀವದ ಹೊಣೆ ಹೊತ್ತವನೊಬ್ಬ ಎದುರು ನಿಂತು ಕೇಳಿದರೆ ಮಾತ್ರ ಎಲ್ಲರೂ ಪೈಲ್ವಾನರು!

"ಜೇಬಿನ್ಯಾಗ ಇದ್ದದ್ದೆಲ್ಲಾ ಬುಟ್ಟಿಗೆ ಹಾಕ್ರಿ. ಮ್ಯಾಲಿಂದ ಬೀಳತಾವ" ಎಂದ ಇಮಾಮ್‌ಸಾಬ. ಚಪ್ಪಲಿ ಬಿಟ್ಟೆವು. ನಾನು ಕನ್ನಡಕ, ಫೋನು ಹಾಕಿದೆ. ಬೀಗರು ಬೈಕಿನ ಕೀ, ಫೋನು, ಎಲೆ ಅಡಿಕೆಯ ಸಂಚಿ ತೆಗೆದರು. ಸಂಚಿಯ ಜೊತೆ ಒಂದು ಸಣ್ಣ ಗುಳಿಗೆಯ ಸ್ಟ್ರಿಪ್ ಜಾರಿ ಬುಟ್ಟಿಗೆ ಬಿತ್ತು. ಬೀಗರು ಗಬಕ್ಕನೆ ಅದನ್ನೆತ್ತಿ ಬನಿಯನ್ನಿನ ಜೇಬಿಗೆ ಸೇರಿಸಿದರು.

"ಗ್ಯಾಸಿಂದು" ಎಂದರು.

ಗ್ಯಾಸಿಂದಲ್ಲ. ಕನ್ನಡಕ ತೆಗೆದಿದ್ದರೂ ಅದು ನನಗೆ ಗೊತ್ತಾಯಿತು. ತೀರಿಹೋದ ನಮ್ಮ ಸೋದರಮಾವ ಅದೇ ಗುಳಿಗೆಯನ್ನು ಹತ್ತು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ. ಎದೆ ಹಿಡಿದಾಗ ನಾಲಿಗೆಯ ಕೆಳಗೆ ಇಡುವುದು. ಅದನ್ನು ತಂದುಕೊಡುವ ಕೆಲಸ ನನ್ನದಾಗಿತ್ತು.

ಈಗ ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹಿಂದೆ ಜನ ನೂಕುತ್ತಿದ್ದಾರೆ. ಕೆಳಗೆ ಅವರ ಸೊಸೆ, ಅಂದರೆ ನನ್ನ ಮಗಳು, ವಿಡಿಯೋ ಮಾಡುತ್ತಿದ್ದಾಳೆ. "ಬೀಗರ, ನಿಮಗ ಹಾರ್ಟ್ ಐತಿ, ಇಳೀರಿ" ಎಂದು ನಾಲ್ಕು ಜನರ ನಡುವೆ ಹೇಳಿದರೆ ಆ ಮೀಸೆಯ ಗತಿ? ನಾಳೆ ನನ್ನ ಮಗಳು ಆ ಮನೆಯಲ್ಲಿ ಬಾಳಬೇಕಲ್ಲ? ನಾನು ಹಾಗೆ ಯೋಚಿಸುತ್ತಿರುವಾಗಲೇ ಬೀಗರು ಹಡಗಿನ ತುದಿಯ ಸೀಟು ಹಿಡಿದರು. ಎಲ್ಲಕ್ಕಿಂತ ಎತ್ತರ ಹೋಗುವ ಸೀಟು ಅದೇ. ಪಕ್ಕದಲ್ಲಿ ನಾನು ಕೂತೆ. ತೊಡೆಯ ಮೇಲೆ ಕಬ್ಬಿಣದ ಸರಳು ಬಂತು. ಇಮಾಮ್‌ಸಾಬನ ಸೀಟಿಯೂ ಆಯಿತು.

ಮೊದಲ ನಾಲ್ಕು ತೂಗಾಟ ಚೆನ್ನಾಗಿತ್ತು. ಬೀಗರು "ಹೋಯ್!" ಎಂದು ಕೂಗಿದರು. ಐದನೆಯದಕ್ಕೆ ನನ್ನ ಹೊಟ್ಟೆ ಮೇಲೆಯೇ ಉಳಿದು ನಾನು ಮಾತ್ರ ಕೆಳಗೆ ಬಂದೆ. ಆರನೆಯದಕ್ಕೆ ಎಲ್ಲರೂ ಕಿರುಚುತ್ತಿದ್ದರು, ಬೀಗರು ಕಿರುಚಲಿಲ್ಲ. ಓಣಿಗೆಲ್ಲ ಕೇಳುವ ಬಾಯಿ ಮುಚ್ಚಿತ್ತು. ಹಣೆಯ ಮೇಲೆ ಬೆವರು. ಒಂದು ಕೈ ಸರಳು ಬಿಟ್ಟು ಎದೆಗೆ ಹೋಗಿತ್ತು. ನನಗೆ ನಿಜಕ್ಕೂ ಭಯವಾಯಿತು. ಮಾವನ ಮುಖ ಕಣ್ಣ ಮುಂದೆ ಬಂತು.

ಬೀಗರ ಮಾನವನ್ನೂ ತೆಗೆಯಬಾರದು, ಬೀಗರನ್ನೂ ಕಳೆದುಕೊಳ್ಳಬಾರದು. ಇನ್ನೇನು ಉಳಿಯಿತು? ಇದ್ದಷ್ಟು ದನಿ ತೆಗೆದು ಕೂಗಿದೆ.

"ನಿಲ್ಲಸೋ ಇಮಾಮಾ! ನನಗ ಹಾರ್ಟ್ ಐತಿ! ಸಾಯಾಕತ್ತೀನಿ! ನಿಲ್ಲಸೋ!"

ಅವನು ಕೂಡಲೇ ಬಂದ್ ಮಾಡಿದ. ಆದರೆ ಹಡಗು ಬಸ್ಸಲ್ಲ, ಬ್ರೇಕ್ ಹಾಕಿದೊಡನೆ ನಿಲ್ಲಲು. ಸ್ವಿಚ್ ಆರಿದ ಮೇಲೂ ತನ್ನ ಪಾಡಿಗೆ ತೂಗುತ್ತಲೇ ಇತ್ತು. ಆ ಒಂದು ನಿಮಿಷ ನಾನು ಬೀಗರ ಮೊಣಕೈ ಬಿಡಲಿಲ್ಲ. ಅವರು ಮುಖ ಆ ಕಡೆ ತಿರುಗಿಸಿ ಬನಿಯನ್ನಿನ ಜೇಬಿನಿಂದ ಏನನ್ನೋ ತೆಗೆದು ಬಾಯಿಗೆ ಹಾಕಿಕೊಂಡರು. ನಾನು ನೋಡಿಯೂ ನೋಡದವನಂತೆ "ಅಯ್ಯೋ ಎದಿ, ಅಯ್ಯೋ ಎದಿ" ಎನ್ನುತ್ತಿದ್ದೆ. ನಾಟಕ ಚೆನ್ನಾಗಿಯೇ ನಡೆಯಿತು. ಯಾಕೆಂದರೆ ಅರ್ಧ ನಿಜವಾಗಿತ್ತು.

ಇಳಿಸಿ ಮಲಗಿಸಿದರು, ಬೀಗರನ್ನಲ್ಲ, ನನ್ನನ್ನು. ಯಾರೋ ಮುಖಕ್ಕೆ ನೀರು ಹೊಡೆದರು. ಮತ್ಯಾರೋ ಮಿರ್ಚಿ ಭಜಿ ಅಂಗಡಿಯಿಂದ ಉಳ್ಳಾಗಡ್ಡಿ ತಂದು ಒಡೆದು ಮೂಗಿಗೆ ಹಿಡಿದರು. (ಹಾರ್ಟಿಗೂ ಮೂಗಿಗೂ ಏನು ಸಂಬಂಧ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.) ಬಳೆ ಅಂಗಡಿಯಿಂದ ಓಡಿಬಂದ ನನ್ನವಳು ಅಳುತ್ತಲೇ ಬೈದಳು. ಬೀಗರು ದೂರದ ಕುರ್ಚಿಯಲ್ಲಿ ಸುಮ್ಮನೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಅವರ ಕಡೆ ಯಾರೂ ನೋಡಲಿಲ್ಲ. ನನಗೆ ಬೇಕಾಗಿದ್ದೂ ಅದೇ.

ಇಮಾಮ್‌ಸಾಬನಿಗೆ ಸಿಟ್ಟು ನೆತ್ತಿಗೇರಿತ್ತು.

"ಹತ್ತೂಕಿಂತ ಮೊದಲ ಕೇಳಿದ್ನಿಲ್ಲರೀ ಸಾಬ್? ಬಾಯಿಬಿಟ್ಟು ಕೇಳೀನಿ! ಬೋಲ್ಟ್ ಸಡಿಲ ಇದ್ರ ನನ್ನ ಕೇಳ್ರಿ, ಜವಾಬು ಕೊಡತೀನಿ. ದಿನಾ ಮುಂಜಾನೆ ನಾನಽ ಹತ್ತಿ ನೋಡತೀನಿ. ನಿಮ್ಮ ಎದಿಯಾಗ ಏನ್ ಸಡಿಲ ಆಗೇತಿ ಅಂತ ನಾ ಹೆಂಗ ನೋಡ್ಲಿ?"

ಏನಾದರೂ ಆಗಿದ್ದರೆ ನಾವು ಏನು ಮಾಡುತ್ತಿದ್ದೆವು ಹೇಳಿ? ಇಮಾಮ್‌ಸಾಬನ ಕಾಲರ್ ಹಿಡಿಯುತ್ತಿದ್ದೆವು. ಪರ್ಮಿಷನ್ ಕೊಟ್ಟವರು ಯಾರು ಎಂದು ಇದೇ ಅಂಕಣದಲ್ಲಿ ನಾನೇ ಗುಡುಗುತ್ತಿದ್ದೆ. 'ಏನಿಲ್ಲ' ಎಂದ ಎರಡು ಬಾಯಿಗಳ ಸುದ್ದಿ ಎಲ್ಲೂ ಬರುತ್ತಿರಲಿಲ್ಲ. ಮೆಷಿನ್ನು ನೋಡಿಕೊಳ್ಳುವುದು ಅವರ ಕೆಲಸ, ಅದನ್ನು ಬಿಡುವಂತಿಲ್ಲ. ಹತ್ತುವವನ ಮೈ ಮಾತ್ರ ಹತ್ತುವವನಿಗೇ ಗೊತ್ತು.

ಆಸ್ಪತ್ರೆಗೆ ಒಯ್ದರು. ಇ.ಸಿ.ಜಿ. ಆಯಿತು. ಡಾಕ್ಟರು ಚೀಟಿ ನೋಡಿ "ಹಾರ್ಟ್ ಚಲೋ ಐತ್ರಿ. ಬಿ.ಪಿ. ಮ್ಯಾಲ ಐತಿ. ಇವತ್ತಿನ ಗುಳಿಗಿ ತಗೊಂಡೀರೋ ಇಲ್ಲೋ?" ಎಂದರು. ಬೀಗರ ಎದುರಿಗೇ! ನನ್ನ ಐದು ವರ್ಷದ ಗುಟ್ಟು ಒಂದೇ ವಾಕ್ಯದಲ್ಲಿ ಮುಗಿಯಿತು. "ಹೆಂಗೂ ಬಂದೀವಿ, ನಮ್ಮ ಬೀಗರದ್ದೂ ಒಮ್ಮೆ ನೋಡ್ರಿ" ಎಂದೆ. ಬೀಗರು ನಕ್ಕು "ನನಗೇನಾಗೇತಿ? ಕಲ್ಲಿನಂಗ ಅದೀನಿ" ಎಂದು ಹೊರಗೆ ನಡೆದರು.

ಮಗಳ ವಿಡಿಯೋ ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಬಿದ್ದಿತ್ತು. ಮರುದಿನ ಊರಿಗೆ ಮರಳುವಾಗ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಅಕ್ಕ ಬ್ರೆಡ್ಡು, ಫ್ಲಾಸ್ಕು ಹಿಡಿದು ನಿಂತಿದ್ದಳು. ಕಿಟಕಿಯಿಂದಲೇ ಕೆನ್ನೆ ಸವರಿ ಅತ್ತಳು. ಬಸ್ಸಿನವರೆಲ್ಲ ನನಗೆ ಎದೆನೋವಿನ ಮದ್ದು ಹೇಳಿದರು. ಮನೆಯಲ್ಲಿ ಉಪ್ಪು ಬಂದ್, ಮಿರ್ಚಿ ಬಂದ್, ಮೆಟ್ಟಿಲು ಬಂದ್. ನಿಜ ಹೇಳೋಣವೆಂದರೆ ಹೇಳುವಂತಿಲ್ಲ. ಇಲ್ಲದ ಕಾಯಿಲೆಯನ್ನು ಹೊತ್ತು ತಿರುಗುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಇರುವ ಕಾಯಿಲೆಯನ್ನು ಮುಚ್ಚಿಟ್ಟು ತಿರುಗುವವರದ್ದು ಇನ್ನೆಷ್ಟು ಕಷ್ಟವೋ!

ಹೋದ ಗುರುವಾರ ಬೀಗರೇ ನನ್ನನ್ನು ಮಾತಾಡಿಸಲು ಬಂದರು. ಕೈಯಲ್ಲಿ ಮೋಸಂಬಿ ಚೀಲ. ಒಬ್ಬರೇ ಬಂದಿದ್ದರು. ಕೂತವರೇ ಉಪದೇಶ ಶುರುಮಾಡಿದರು.

"ಇಂಥಾವೆಲ್ಲಾ ಮುಚ್ಚಿಡಬಾರದ್ರೀ, ಬೀಗರ. ಮನಿ ಮಂದಿಗೆ ಹೇಳಬೇಕು."

ನನಗೆ ನಗು ಬರಬೇಕಿತ್ತು. ಸಿಟ್ಟು ಬಂತು. ನನ್ನವಳನ್ನು ಚಹಾಕ್ಕೆ ಕಳಿಸಿ, ಬಾಗಿಲು ಮುಂದೆ ಮಾಡಿ ಕೇಳಿದೆ.

"ನಿಮಗ ಎಷ್ಟ್ ದಿನದಿಂದ ಐತಿ?"

ಬೀಗರು ಮೋಸಂಬಿ ಚೀಲ ಕೆಳಗಿಟ್ಟು ಬಾಗಿಲ ಕಡೆ ನೋಡಿದರು. ಆಮೇಲೆ ಮೊದಲ ಸಲ ಸಣ್ಣ ದನಿಯಲ್ಲಿ ಮಾತಾಡಿದರು.

"ಆರು ತಿಂಗಳಾತು. ಬೀಜಕ್ಕಂತ ಹೇಳಿ ರಾಯಚೂರಿಗೆ ಹೋಗಿ ತೋರಿಸ್ಕೊಂಡ್ ಬಂದೀನಿ. ಡಾಕ್ಟರು ಮತ್ತ ಬಾ ಅಂದಾರ, ಏನೋ ಟೆಸ್ಟ್ ಐತಂತ. ಹೋಗಿಲ್ಲ."

"ಬೀಗಿತ್ತಿಗೆ?"

"ಗ್ಯಾಸ್ ಅಂತ ಹೇಳೀನಿ."

"ಯಾಕ್ರಿ?"

"ಒಮ್ಮೆ ಪೇಷಂಟ್ ಅಂದ್ರ ಮುಗೀತು, ಬೀಗರ. ಬೈಕ್ ಕೀ ಕಸಗೋತಾರ. ಹೊಲಕ್ಕ ಬಿಡಂಗಿಲ್ಲ. ಮಾತಿಗೊಮ್ಮೆ ನೀವು ಸುಮ್ಕ ಕೂಡ್ರಿ ಅಂತಾರ. ನಾ ಸುಮ್ಕ ಕೂಡೋ ಮನಷ್ಯಾ ಏನ್ರಿ?"

ಪಾಪ ಅನ್ನಿಸಿತು. ಆದರೂ ಬಿಡಲಿಲ್ಲ. "ನೀವು ಹೇಳ್ತೀರೋ, ನಾ ಹೇಳ್ಲೋ?"

"ನೀವಽ ಹೇಳ್ರಿ. ಆದ್ರ ಫೋನ್ ಬ್ಯಾಡ, ಮಾರಿ ಮುಂದ ಬ್ಯಾಡ. ಆಕಿ ನಿಮ್ಮ ಪೇಪರಿನ ಬರಹ ಒಂದೂ ಬಿಡದಂಗ ಓದತಾಳ. ಅದರಾಗ ಬರದ್ ಬಿಡ್ರಿ. ಆವತ್ತ ನಾ ನಸುಕಿನ್ಯಾಗಽ ಎದ್ದು ಹೊಲಕ್ಕ ಹೋಗಿರ್ತೀನಿ."

ಹಡಗಿನ ತುದಿಯ ಸೀಟಿಗೆ ಹೆದರದ ಆಸಾಮಿ, ಹೆಂಡತಿಗೆ ಎರಡು ಮಾತು ಹೇಳಲು ನನ್ನ ಅಂಕಣ ಬಾಡಿಗೆ ಕೇಳುತ್ತಿದ್ದಾರೆ! ಕೊಟ್ಟಿದ್ದೇನೆ. ಉಳಿದ ಓದುಗರು ಕ್ಷಮಿಸಬೇಕು, ಈ ವಾರ ಬರೆದದ್ದು ಒಬ್ಬರಿಗೇ.

ಬೀಗಿತ್ತಿಯವರೇ, ಬೈಯುವುದು ಆಮೇಲಿರಲಿ, ಮೊದಲು ಅವರನ್ನು ಹೊಲದಿಂದ ಕರೆಸಿ ರಾಯಚೂರಿನ ಬಸ್ ಹತ್ತಿಸುತ್ತೀರಾ?