ಸಣ್ಣ ಚೌಕ ಎಲ್ಲಿ ಹಾಕಬೇಕು?

ಕಳೆದ ತಿಂಗಳು ನಾನೊಬ್ಬ ವೆಲ್ಡರ್‌ನ ಕೆಲಸಕ್ಕೆ ಕುತ್ತು ತಂದೆ. ಕೈಗೆ ಮಸಿ ಕೂಡ ಹತ್ತಲಿಲ್ಲ. ಮುಟ್ಟಿದ್ದು ಬರೀ ಕೀಬೋರ್ಡು.

ನಮ್ಮದು ಊರಿಗಾಂ ಹತ್ತಿರದ ಸಣ್ಣ ಖಾಸಗಿ ಕಾರ್ಖಾನೆ. ಕಲ್ಲುಕ್ವಾರಿ ಕ್ರೇನ್‌ಗಳಿಗೆ ಭಾರ ಹೊರುವ ಕಬ್ಬಿಣದ ಬ್ರಾಕೆಟ್ ಮಾಡುತ್ತೇವೆ. ಹೋದ ವರ್ಷ ಒಂದು ಕಂಪ್ಯೂಟರ್ ಬಂತು. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. (ಕೈಮುಗಿಯುವುದು ಅವರವರ ಇಷ್ಟ.) ಕಬ್ಬಿಣದ ತುಂಡಿನ ಚಿತ್ರವನ್ನು ಚೌಕ ಚೌಕವಾಗಿ ಕತ್ತರಿಸಿ ಕೊಟ್ಟರೆ, ಯಾವ ಚೌಕದ ಮೇಲೆ ಎಷ್ಟು ಒತ್ತಡ ಎಂದು ಅದು ಹೇಳುತ್ತದೆ. ಈ ಚೌಕಗಳ ಜಾಲಕ್ಕೆ ಮೆಶ್ ಅನ್ನುತ್ತಾರೆ.

ಟೆಸ್ಟಿಂಗ್‌ನಲ್ಲಿ ಒಂದು ಬ್ರಾಕೆಟ್ ಒಳಮೂಲೆಯಲ್ಲಿ ಬಿರುಕು ಬಿಟ್ಟಿತು. ನಾನು ಲೆಕ್ಕ ಹಾಕಿ, ‘ಡಿಸೈನ್ ಸರಿಯಿದೆ, ವೆಲ್ಡಿಂಗ್ ಪರಿಶೀಲಿಸಿ’ ಎಂದು ರಿಪೋರ್ಟ್ ಬರೆದೆ. ಬಣ್ಣದ ಪ್ರಿಂಟ್ ಬೇರೆ! ಅದರ ಮುಂದೆ ಯಾರು ಬಾಯಿ ತೆಗೆಯುತ್ತಾರೆ? ಬಿರುಕಿನ ಪಕ್ಕದಲ್ಲಿ ಬೆಸುಗೆ ಹಾಕಿದ್ದ ಚೌಡಪ್ಪನಿಗೆ ಮೆಮೊ ಹೋಯಿತು.

ಮರುದಿನ ಬೆಳಿಗ್ಗೆ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಚೌಡಪ್ಪ ಆ ಮೆಮೊ ಹಿಡಿದು ನನ್ನ ಎದುರಿಗೇ ಬಂದು ಕೂತ.

“ಸಾ, ಇಂಗ್ಲಿಷ್‌ನಾಗೈತೆ. ಏನಂತ ಬರ್ದವ್ರೆ, ಒಸಿ ಓದೇಳಿ.”

ಓದಿ ಹೇಳಿದೆ. ಮೂರು ದಿನದಲ್ಲಿ ಉತ್ತರ ಕೊಡದಿದ್ದರೆ ಕೆಲಸದಿಂದ ತೆಗೆಯುತ್ತಾರಂತೆ. ರಿಪೋರ್ಟ್ ಬರೆದವನು ನಾನೇ ಅಂತಲೂ ಹೇಳಿದೆ. ಅವನು ಬಯ್ಯಲಿಲ್ಲ. ನನ್ನ ತೊಡೆಯ ಮೇಲಿದ್ದ ಪ್ರಿಂಟ್ ಕಡೆ ಬಗ್ಗಿದ.

“ಇದೇನ್ ಸಾ, ಸೊಳ್ಳೆಪರದೆ ಇದ್ದಂಗೈತೆ?”

ಚೌಕ ಸಣ್ಣದಾದಷ್ಟೂ ಲೆಕ್ಕ ನಿಖರ ಎಂದು ವಿವರಿಸಿದೆ. ಅವನು ಬೆರಳಿಟ್ಟ.

“ಒಡ್ದಿದ್ದು ಇಲ್ಲಿ. ಇಲ್ಲಿ ಇಷ್ಟಗಲದ್ದು ಒಂದೇ ಆಕಿದ್ದೀರ. ಅಲ್ಲಿ, ಏನೂ ಆಗ್ದಿರೋ ಕಡೆ, ಸಾಸಿವೆ ಉದುರ್ಸಿದಂಗೆ ಉದುರ್ಸಿದ್ದೀರ. ಯಾಕ್ ಸಾ?”

ಯಾಕೆ? ಚಪ್ಪಟೆ ಜಾಗದಲ್ಲಿ ಸಣ್ಣ ಚೌಕ ಸುಲಭ, ಚಿತ್ರವೂ ಚೆಂದ. ಮೂಲೆಯಲ್ಲಿ ರಗಳೆ. ಇದನ್ನು ಬಾಯಿಬಿಟ್ಟು ಹೇಳಲಾದೀತೇ? ಊರಿಗಾಂನಲ್ಲಿ ಇಳಿದವನೇ ಚಪ್ಪಲಿ ಬಿಟ್ಟು ಕಂಪ್ಯೂಟರ್ ಮುಂದೆ ಕೂತೆ.

ಅಂದೇ ಮೂಲೆಯಲ್ಲಿ ಚೌಕಗಳನ್ನು ಸಣ್ಣದು ಮಾಡಿದೆ. ಒತ್ತಡ ಏರಿತು. ಇನ್ನೂ ಸಣ್ಣದು ಮಾಡಿದೆ, ಇನ್ನೂ ಏರಿತು. ಚಿತ್ರದಲ್ಲಿ ನಾನು ಬರೆದದ್ದು ಚಾಕುವಿನಂಥ ಚೂಪು ಮೂಲೆ, ಅಂಥ ಕಡೆ ಲೆಕ್ಕದ ಒತ್ತಡ ಏರುತ್ತಲೇ ಇರುತ್ತದೆ. ವರ್ಕ್‌ಶಾಪಿಗೆ ಹೋಗಿ ನಿಜವಾದ ಬ್ರಾಕೆಟ್ ಮುಟ್ಟಿ ನೋಡಿದರೆ ಮೂಲೆ ತುಸು ದುಂಡಗಿತ್ತು. ಚಿತ್ರಕ್ಕೂ ಆ ದುಂಡು ಕೊಟ್ಟ ಮೇಲೆ ಸಂಖ್ಯೆ ಒಂದು ಕಡೆ ನಿಂತಿತು, ಆ ಕಬ್ಬಿಣ ತಾಳುವುದಕ್ಕಿಂತ ಎಷ್ಟೋ ಮೇಲೆ. ಮೊದಲು ನನ್ನ ದೊಡ್ಡ ಚೌಕ ಅದನ್ನೆಲ್ಲ ಸರಾಸರಿ ಮಾಡಿ ನುಂಗಿಬಿಟ್ಟಿತ್ತು. ತಪ್ಪು ಬೆಸುಗೆಯದ್ದಲ್ಲ, ಡಿಸೈನಿನದ್ದು.

ಆದ್ದರಿಂದ, ಎಂಜಿನಿಯರ್ ಮಹಾಶಯರೇ, ಮೂಲೆ, ತೂತು, ತಿರುವು ಇರುವಲ್ಲಿ ಸಣ್ಣ ಚೌಕ ಹಾಕಿ. ಅರ್ಧಕ್ಕಿಳಿಸಿ ಮತ್ತೆ ಲೆಕ್ಕ ಮಾಡಿ, ಉತ್ತರ ಬದಲಾದರೆ ನಂಬಬೇಡಿ. ಬೋಲ್ಟ್ ಎಲ್ಲಿ ಹಿಡಿದಿದೆಯೋ ಲೆಕ್ಕದಲ್ಲೂ ಅಲ್ಲೇ ಹಿಡಿಸಿ, ನಿಮಗೆ ಅನುಕೂಲವಾದ ಕಡೆಯಲ್ಲ. ಬಣ್ಣಕ್ಕೆ ಮರುಳಾಗುವುದಿದ್ದರೆ ಸೀರೆ ಅಂಗಡಿಗೆ ಹೋಗಿ.

ಮೂರನೇ ದಿನ ಚೌಡಪ್ಪನ ಉತ್ತರವನ್ನೂ ನನ್ನ ತಪ್ಪೊಪ್ಪಿಗೆಯನ್ನೂ ನಾನೇ ಟೈಪ್ ಮಾಡಿ ಬಾಸ್ ಮುಂದಿಟ್ಟೆ. ಮೆಮೊ ವಾಪಸ್ ಆಯಿತು. ತಪ್ಪು ಕಂಡುಹಿಡಿದವನು ಚೌಡಪ್ಪ ಎಂದರೆ ಬಾಸ್ ನಕ್ಕರು: “ವೆಲ್ಡರ್‌ಗೆ ಮೆಶ್ ಅರ್ಥ ಆಗುತ್ತೇನ್ರೀ?” ವಾರದ ಮೇಲೆ, ಡಿಸೈನಿನ ತಪ್ಪು ಕಂಡುಹಿಡಿದದ್ದಕ್ಕೆ ಪ್ರಶಂಸಾಪತ್ರ ಬಂತು. ನನಗೆ!

ನಾಚಿಕೆಯಿಂದಲೇ ಅದನ್ನು ಚೌಡಪ್ಪನಿಗೆ ತೋರಿಸಿ, ಇದರಲ್ಲಿ ನಿನ್ನ ಹೆಸರಿರಬೇಕಿತ್ತು ಅಂದೆ.

“ಬಿಡಿ ಸಾ,” ಅಂದ. “ಆಫೀಸ್ ಕಾಗ್ದದಾಗೆ ನನ್ನೆಸ್ರು ಒಂದ್ಸಲ ಬಂದಿದ್ದೇ ಸಾಕು.”