ಬೇರೆ ಥರ ಇದೆ

ಮಿನ್ನೆಸೋಟದ ಪಡುವಣ ಬಯಲಿನಲ್ಲಿರುವ ನಮ್ಮ ಊರಿನಲ್ಲಿ ಊಟ ಚೆನ್ನಾಗಿಲ್ಲ ಎಂದು ಯಾರೂ ಹೇಳುವುದಿಲ್ಲ. ತುತ್ತು ಗಂಟಲಲ್ಲಿ ಇಳಿಯದಿದ್ದರೆ ಒಂದು ಗುಟುಕು ನೀರು ಕುಡಿದು, ಕಿಟಕಿಯ ಕಡೆ ನೋಡಿ, “ಬೇರೆ ಥರ ಇದೆ” ಎನ್ನುತ್ತಾರೆ. ಮಾಡಿದವಳಿಗೆ ಅಷ್ಟರಲ್ಲೇ ಅರ್ಥವಾಗುತ್ತದೆ. ಆ ಅಡುಗೆ ಮತ್ತೆ ಆ ಮೇಜಿಗೆ ಬರುವುದಿಲ್ಲ. ಯಾರ ಮನಸ್ಸೂ ಮುರಿಯದೆ ಕೆಲಸ ಮುಗಿಯುತ್ತದೆ. ಇದು ನಮ್ಮ ದೊಡ್ಡ ಗುಣ ಎಂದೇ ನಾವೆಲ್ಲ ನಂಬಿಕೊಂಡಿದ್ದೇವೆ.

ಲಾವೋನ್ ಕ್ವಾಮ್‌ಗೆ ಅರವತ್ತೊಂದು ವರ್ಷವಾಗುವ ತನಕ ಈ ಮಾತು ಕೇಳುವ ಪ್ರಸಂಗವೇ ಬಂದಿರಲಿಲ್ಲ. ಇಪ್ಪತ್ತೆರಡು ವರ್ಷ ಊರಿನ ಶಾಲೆಯಲ್ಲಿ ಅಡುಗೆ ಮಾಡಿದವಳು. ಮೇಲಿನಿಂದ ಬಂದ ಪಟ್ಟಿಯಲ್ಲಿ ಏನು ಬರೆದಿತ್ತೋ ಅದನ್ನು, ಎಷ್ಟು ಬರೆದಿತ್ತೋ ಅಷ್ಟನ್ನು, ಹನ್ನೊಂದೂವರೆ ಗಂಟೆಗೆ ಮುನ್ನೂರು ಮಕ್ಕಳ ಮುಂದೆ ಇಟ್ಟವಳು. ಅಗಲ ಕೈ, ಕಡಿಮೆ ಮಾತು. ಚರ್ಚಿನ ನೆಲಮಾಳಿಗೆಯಲ್ಲಿ ಊಟವಿದ್ದ ದಿನ ಅವಳ ಹಾಟ್‌ಡಿಷ್ ಮೊದಲು ಖಾಲಿಯಾಗುತ್ತಿತ್ತು. ಬೇರೆ ಸೀಮೆಯವರು ಕ್ಯಾಸರೋಲ್ ಎನ್ನುವುದನ್ನು ನಾವು ಹಾಟ್‌ಡಿಷ್ ಎನ್ನುತ್ತೇವೆ: ಕೆಳಗೆ ದನದ ಮಾಂಸದ ಖೈಮಾ, ನಡುವೆ ಡಬ್ಬಿಯ ಅಣಬೆ ಸೂಪು, ಮೇಲೆ ಸಾಲು ಹಿಡಿದು ಕೂತ ಆಲೂಗಡ್ಡೆಯ ಉಂಡೆಗಳು. ಮುಕ್ಕಾಲು ಗಂಟೆ ಒಲೆಯಲ್ಲಿಟ್ಟರೆ ಆಯಿತು. ದೇವರಿಗೂ ಇದೇ ಇಷ್ಟ ಎಂದು ನಮ್ಮ ಪಾದ್ರಿ ಒಮ್ಮೆ ತಮಾಷೆ ಮಾಡಿದ್ದರು, ಯಾರೂ ನಗಲಿಲ್ಲ, ಏಕೆಂದರೆ ಯಾರಿಗೂ ಅದು ತಮಾಷೆ ಅನ್ನಿಸಿರಲಿಲ್ಲ.

ಗಂಡ ಡೆಲ್ಮರ್‌ಗೆ ಸಕ್ಕರೆ ಕಾಯಿಲೆ ಹಳೆಯದು. ಬಲಗಾಲಿನ ಪಾದ ಮರಗಟ್ಟಿ ನಾಲ್ಕೈದು ವರ್ಷವಾಗಿತ್ತು. ಆ ಅಕ್ಟೋಬರಿನಲ್ಲಿ ಗರಾಜಿನಲ್ಲಿ ಏನೋ ರಿಪೇರಿ ಮಾಡುತ್ತಿದ್ದಾಗ ಬೂಟಿನೊಳಗೆ ಒಂದು ಸ್ಕ್ರೂ ಸೇರಿಕೊಂಡಿತು. ಅದರ ಮೇಲೆಯೇ ಎರಡು ದಿನ ನಡೆದಾಡಿದ. ಚರ್ಚಿಗೂ ಹೋಗಿಬಂದ. ಗೊತ್ತಾದದ್ದು ಲಾವೋನ್ ಬಟ್ಟೆ ಒಗೆಯಲು ಹಾಕುವಾಗ, ಕಾಲುಚೀಲದ ಹಿಮ್ಮಡಿ ರಟ್ಟಿನ ಹಾಗೆ ಗಟ್ಟಿಯಾಗಿದ್ದುದನ್ನು ಮುಟ್ಟಿದಾಗ. ಗಾಯ ಚಿಕ್ಕದೇ. ಆದರೆ ತಿಂಗಳು ಕಳೆದರೂ ಮುಚ್ಚಲಿಲ್ಲ, ಒಳಗೊಳಗೇ ಅಗಲವಾಗುತ್ತ ಹೋಯಿತು.

ನವೆಂಬರಿನಲ್ಲಿ ಡಾಕ್ಟರರು ಬಿಚ್ಚಿಯೇ ಹೇಳಿದರು. ಮೈಯಲ್ಲಿ ಪ್ರೋಟೀನ್ ಇಲ್ಲದೆ ಮಾಂಸ ಕೂಡಿಕೊಳ್ಳುವುದಿಲ್ಲ, ದಿನಕ್ಕೆ ತೊಂಬತ್ತು ಗ್ರಾಂ ಹೊಟ್ಟೆಗೆ ಹೋಗಲೇಬೇಕು. ಮಾರ್ಚ್ ನಡುವಿನ ತನಕ ನೋಡೋಣ, ಗಾಯ ಕೂಡದಿದ್ದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತದೆ. ಡೆಲ್ಮರ್ ಟೋಪಿಯನ್ನು ತೊಡೆಯ ಮೇಲೆ ಒಂದು ಸುತ್ತು ತಿರುಗಿಸಿದ. ಲಾವೋನ್ ಕೇಳಿದ್ದು ಒಂದೇ ಮಾತು, ತಿನ್ನಬೇಕಾದ್ದರ ಪಟ್ಟಿ ಏನಾದರೂ ಇದೆಯೇ ಎಂದು. ಪಟ್ಟಿ ಇತ್ತು. ಮೊದಲನೆಯ ಸಾಲಿನಲ್ಲಿ ಟರ್ಕಿ ಕೋಳಿಯ ಖೈಮಾ ಎಂದು ಅಚ್ಚಾಗಿತ್ತು.

ಡೆಲ್ಮರ್ ಮೂವತ್ತೊಂದು ವರ್ಷ ಟರ್ಕಿ ಕೋಳಿಗಳ ಕೊಟ್ಟಿಗೆಯಲ್ಲಿ ಕೆಲಸ ಮಾಡಿದವನು. ಒಂದೊಂದು ಕೊಟ್ಟಿಗೆಯಲ್ಲಿ ಹತ್ತು ಸಾವಿರ ಹಕ್ಕಿ. ಸತ್ತವನ್ನು ಬೆಳಿಗ್ಗೆ ಬೆಳಿಗ್ಗೆ ಆರಿಸಿ ಗಾಡಿಗೆ ತುಂಬುವುದು ಅವನ ಪಾಲಿನ ಕೆಲಸ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇಡೀ ದೇಶ ಟರ್ಕಿ ತಿನ್ನುವಾಗ ಅವನು ಸುಮ್ಮನೆ ಹಂದಿಮಾಂಸದ ತಟ್ಟೆಯ ಕಡೆ ಕೈ ಚಾಚುತ್ತಿದ್ದ. ಯಾಕೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಲಾವೋನ್‌ಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕಾಗದದಲ್ಲಿ ಬರೆದಿದೆ, ಅವನೂ ಬೇಡ ಎನ್ನುತ್ತಿಲ್ಲ. ಮೊದಲನೆಯ ಸಾಲಿಗೇ ನಿಂತಳು.

ಆ ಕ್ಲಿನಿಕ್ಕಿನಿಂದ ಬಂದ ಮೇಲೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಬೆಳಿಗ್ಗೆ ಏಳುತ್ತಿದ್ದಳು, ಕಾಫಿ ಇಳಿಸುತ್ತಿದ್ದಳು, ಹಿಮ ಬಿದ್ದಿದ್ದರೆ ಮೆಟ್ಟಿಲು ಗುಡಿಸುತ್ತಿದ್ದಳು. ಅವಳೊಳಗೆ ಉಳಿದಿದ್ದ ಒಂದೇ ಒಂದು ಸಂಗತಿ ತೊಂಬತ್ತು ಗ್ರಾಂ. ಅಣಬೆ ಸೂಪನ್ನು ಬಿಟ್ಟಳು, ಕಾಟೇಜ್ ಚೀಸನ್ನು ನುಣ್ಣಗೆ ಕಡೆದು ಸೇರಿಸಿದಳು. ಬಿಳಿ ಬೀನ್ಸ್ ಕಾಳನ್ನು ಬೇಯಿಸಿ ಹಿಸುಕಿ ಆಲೂಗಡ್ಡೆಯ ಜಾಗಕ್ಕೆ ಹರಡಿದಳು. ಖೈಮಾ ಎರಡು ಪೌಂಡು. ತಕ್ಕಡಿಯಲ್ಲಿ ತೂಗಿ, ಭಾಗ ಹಾಕಿ, ಒಂದು ಚೌಕಕ್ಕೆ ನಲವತ್ತೆರಡು ಗ್ರಾಂ ಪ್ರೋಟೀನ್ ಎಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಮಾಡಿದ ಕೆಲಸವನ್ನು ಒಬ್ಬನಿಗೆ ಮಾಡುವುದು ಏನು ಮಹಾ.

ಭಾನುವಾರ ಮಗಳು ಟ್ರೂಡಿ ಗಂಡ ಮಕ್ಕಳೊಂದಿಗೆ ಊಟಕ್ಕೆ ಬಂದಳು. ಪಕ್ಕದೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳಿಗೆ ಅಮ್ಮನ ಹಾಟ್‌ಡಿಷ್ ಎಂದರೆ ಪ್ರಾಣ. ಒಂದು ಚಮಚ ಬಾಯಿಗಿಟ್ಟಳು. ನೀರು ಕುಡಿದಳು. ಕಿಟಕಿಯ ಕಡೆ ನೋಡಿದಳು.

“ಬೇರೆ ಥರ ಇದೆ ಅಲ್ವಾಮ್ಮ.”

ಅಳಿಯ ಉಪ್ಪಿನ ಡಬ್ಬಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದ. ಡೆಲ್ಮರ್ ತನ್ನ ತಟ್ಟೆಯಲ್ಲಿದ್ದದ್ದನ್ನು ಒಂದೇ ಸಮನೆ ಅಗಿದು ನುಂಗಿ, ಪರವಾಗಿಲ್ಲ ಎಂದ. ನಮ್ಮಲ್ಲಿ ಮದುವೆಗೂ ಪರವಾಗಿಲ್ಲ, ಮಣ್ಣಿಗೂ ಪರವಾಗಿಲ್ಲ. ಆದರೂ ಹೆಂಡತಿಯ ಮಾನ ಕಾಯಲು ಹೇಳಿದ್ದು ಎಂದು ಎಲ್ಲರಿಗೂ ಗೊತ್ತಾಯಿತು, ಲಾವೋನ್‌ಗೂ ಗೊತ್ತಾಯಿತು. ಬೇರೆ ಯಾವ ಅಡುಗೆಯಾದರೂ ಅಂದೇ ಕೊನೆಯಾಗುತ್ತಿತ್ತು. ಅವಳು ಸೋಮವಾರ ಮತ್ತೆ ಅದನ್ನೇ ಮಾಡಿದಳು.

ಡಿಸೆಂಬರಿನಿಂದ ಡೆಲ್ಮರ್ ತಟ್ಟೆ ಹಿಡಿದು ಗರಾಜಿಗೆ ಹೋಗತೊಡಗಿದ. ಅಲ್ಲಿ ಅವನ ಹಳೆಯ ಕುರ್ಚಿ ಇದೆ, ಕಾಲು ಎತ್ತಿಡಲು ಸ್ಟೂಲು, ಒಂದು ಸಣ್ಣ ಹೀಟರು, ರೇಡಿಯೊ. ಆಟದ ವರದಿ ಕೇಳುತ್ತ ನಿಧಾನವಾಗಿ ತಿನ್ನುತ್ತೇನೆ ಎಂದ. ಅರ್ಧ ಗಂಟೆಗೆ ತಟ್ಟೆ ಬರಿದಾಗಿ ವಾಪಸು ಬರುತ್ತಿತ್ತು. ಲಾವೋನ್ ಗುರುತು ಹಾಕಿಕೊಳ್ಳುತ್ತಿದ್ದಳು.

ವಾರಕ್ಕೆರಡು ಸಲ ಗಾಯದ ಪಟ್ಟಿ ಬದಲಿಸಲು ನರ್ಸ್ ಯೋಲಾಂಡಾ ಬರುತ್ತಿದ್ದಳು. ದಕ್ಷಿಣದ ಲೂಸಿಯಾನದವಳು, ಈ ಸೀಮೆಗೆ ಬಂದು ಆರು ತಿಂಗಳಾಗಿರಲಿಲ್ಲ. ಅವಳ ಕಡೆ ಊಟ ಕೆಟ್ಟರೆ ಜಗಳವಾಗುತ್ತದಂತೆ, ಚೆನ್ನಾಗಿದ್ದರೆ ಹಾಡಾಗುತ್ತದಂತೆ. ಬಾಗಿಲಲ್ಲೇ ಕೋಟು ಕೊಡವುತ್ತ, “ಏನ್ ಯಜಮಾನ್ರೇ, ಊಟ ಸರಿಯಾಗಿ ಮಾಡ್ತಿದೀರೋ ಇಲ್ವೋ?” ಎನ್ನುತ್ತಿದ್ದಳು. ದೂರೋಕೇನಿಲ್ಲ ಎಂದು ಡೆಲ್ಮರ್ ಹೇಳುತ್ತಿದ್ದ. ಅವಳು ಸಂತೋಷದಿಂದ “ಚೆನ್ನಾಗಿ ತಿನ್ನುತ್ತಿದ್ದಾರೆ” ಎಂದು ಬರೆದುಕೊಳ್ಳುತ್ತಿದ್ದಳು. ನಮ್ಮೂರಿನ ನರ್ಸ್ ಆಗಿದ್ದರೆ ಆ ಮಾತಿಗೆ ಇಲ್ಲೇನೋ ಸರಿಯಿಲ್ಲ ಎಂದು ಪೆನ್ನು ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಯೋಲಾಂಡಾಳ ತಪ್ಪು ಎಳ್ಳಷ್ಟೂ ಇಲ್ಲ, ಮಾತನ್ನು ಮಾತಿನಂತೆಯೇ ತೆಗೆದುಕೊಳ್ಳುವ ಹೆಣ್ಣು ಅವಳು.

ಗಾಯ ಮಾತ್ರ ಹಾಗೆಯೇ ಇತ್ತು. ಡೆಲ್ಮರ್‌ನ ಕೆನ್ನೆ ಒಳಗೆ ಹೋಯಿತು, ಬೆಲ್ಟಿಗೆ ಹೊಸ ತೂತು ಬಿತ್ತು. ಕಾಯಿಲೆ ತಿನ್ನುತ್ತಿದೆ ಎಂದು ಲಾವೋನ್ ಚೌಕಗಳನ್ನು ದೊಡ್ಡದು ಮಾಡಿದಳು.

ಮಾರ್ಚ್ ಮೊದಲ ವಾರ ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಡೆಲ್ಮರ್ ಒಳಗೆ ಮಲಗಿದ್ದ. ಎರಚಲು ಉಪ್ಪು ಬೇಕೆಂದು ಲಾವೋನ್ ಗರಾಜಿಗೆ ಹೋದಳು. ಉಪ್ಪಿನ ಚೀಲ ಬಡಗಣ ಗೋಡೆಯ ಹತ್ತಿರ, ಟಾರ್ಪಾಲಿನ ಹಿಂದೆ ಇರಬೇಕಿತ್ತು. ಟಾರ್ಪಾಲು ಸರಿಸಿದಳು. ಅಲ್ಲಿ ಐಸ್‌ಕ್ರೀಮಿನ ಖಾಲಿ ಬಕೆಟ್ಟುಗಳು ಒಂದರ ಮೇಲೊಂದು ನಿಂತಿದ್ದವು. ನಮ್ಮ ಮನೆಗಳಲ್ಲಿ ಆ ಬಕೆಟ್ಟನ್ನು ಯಾರೂ ಎಸೆಯುವುದಿಲ್ಲ, ಮೊಳೆ, ಗುಂಡಿ, ಸೌತೆಕಾಯಿ ಉಪ್ಪಿನಕಾಯಿ ಎಲ್ಲಕ್ಕೂ ಅದೇ. ಇವಕ್ಕೆ ಒಂದೊಂದಕ್ಕೂ ಬಿಳಿ ಟೇಪು ಅಂಟಿಸಿತ್ತು. ಟೇಪಿನ ಮೇಲೆ ಡೆಲ್ಮರ್‌ನ ಕೈಬರಹದಲ್ಲಿ ತಾರೀಖು. ಹದಿನಾಲ್ಕು ಬಕೆಟ್ಟು.

ಒಂದರ ಮುಚ್ಚಳ ತೆಗೆದಳು. ಅವಳ ಚೌಕಗಳು ಪದರ ಪದರವಾಗಿ ಹೆಪ್ಪುಗಟ್ಟಿದ್ದವು. ನಡುವೆ ಮೇಣದ ಕಾಗದ ಹಾಸಿದ್ದ, ಅಂಟಿಕೊಳ್ಳದಿರಲೆಂದು. ತಿನ್ನಲು ಅವನ ಗಂಟಲು ಒಪ್ಪಿಲ್ಲ, ಎಸೆಯಲು ಮನಸ್ಸು ಒಪ್ಪಿಲ್ಲ, ಬೇಡ ಎನ್ನಲು ಬಾಯಿ ಬಂದಿಲ್ಲ. ಚಳಿಗಾಲ ಪೂರ್ತಿ ಅವನು ಅವಳ ಅಡುಗೆಯನ್ನು ಜೋಪಾನ ಮಾಡಿಟ್ಟಿದ್ದ.

ಸಿಟ್ಟು ಬರಬೇಕಿತ್ತು. ಬರುತ್ತದೆಯೋ ಎಂದು ಸ್ವಲ್ಪ ಹೊತ್ತು ನಿಂತು ಕಾದಳು ಕೂಡ. ಬರಲಿಲ್ಲ. ಮುಚ್ಚಳ ಒತ್ತಿ ಹಾಕಿದಳು, ಟಾರ್ಪಾಲು ಎಳೆದಳು, ಉಪ್ಪು ತಂದು ಮೆಟ್ಟಿಲಿಗೆ ಎರಚಿದಳು. ಒಳಗೆ ಹೋಗಿ ಕೇಳಿದರೆ ಅವನು ಸುಳ್ಳು ಹೇಳಿದವನಾಗುತ್ತಾನೆ, ಮೂವತ್ತೆಂಟು ವರ್ಷ ಜೊತೆಗೆ ಬಾಳಿದವನನ್ನು ಹಾಗೆ ನಿಲ್ಲಿಸುವುದು ಅವಳಿಂದಾಗದು. ಅಂದು ಸಂಜೆಯೂ ಎರಡು ಪೌಂಡು ಖೈಮಾ ಹುರಿದಳು. ಅವನು ತಟ್ಟೆ ಹಿಡಿದು ಕುಂಟುತ್ತ ಗರಾಜಿಗೆ ಹೋದ. ಹೀಗೇ ಒಂಬತ್ತು ದಿನ ನಡೆಯಿತು.

ಹತ್ತನೆಯ ದಿನ ಡಾಕ್ಟರರ ಮುಂದೆ ಕೂತರು. ಡಾಕ್ಟರರು ಗಾಯ ನೋಡಿದರು, ರಕ್ತದ ವರದಿ ನೋಡಿದರು, ಯೋಲಾಂಡಾ ಬರೆದ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಅವರಿಗೆ ಏನೋ ತಾಳೆಯಾಗುತ್ತಿರಲಿಲ್ಲ.

“ಇವರು ತಿಂತಾನೇ ಇಲ್ಲ ಅಂದಿದ್ರೆ ಮಾತು ಬೇರೆ,” ಎಂದರು. “ಮೂಗಲ್ಲಿ ನಳಿಗೆ ಹಾಕಿ ಊಟ ಇಳಿಸಿ ಇನ್ನೊಂದು ತಿಂಗಳು ಕಾಯಬಹುದಿತ್ತು. ಆದ್ರೆ ನವೆಂಬರಿಂದ ಚೆನ್ನಾಗಿ ತಿಂತಿದಾರೆ ಅಂತಿದೆ. ತಿಂದೂ ಹೀಗಿದೆ ಅಂದ್ರೆ ಕಾಲಿಗೆ ರಕ್ತವೇ ಹೋಗ್ತಿಲ್ಲ ಅಂತ ಅರ್ಥ. ಊಟ ಹೇಗಿದೆ, ಡೆಲ್ಮರ್?”

ಡೆಲ್ಮರ್ ಒಮ್ಮೆ ಹೆಂಡತಿಯ ಕಡೆ ನೋಡಿದ. ಅವಳು ಕೈಚೀಲದ ಕೊಂಡಿಯನ್ನು ನೋಡುತ್ತಿದ್ದಳು.

“ದೂರೋಕೇನಿಲ್ಲ,” ಎಂದ.

ಡಾಕ್ಟರರು ಲಾವೋನ್ ಕಡೆ ತಿರುಗಿದರು. ಅವಳು ಬಾಯಿ ತೆರೆದರೆ ಸಾಕಿತ್ತು. ಹದಿನಾಲ್ಕು ಬಕೆಟ್ಟು ಎಂಬ ಎರಡು ಶಬ್ದ. ಆದರೆ ಅದಕ್ಕೆ ಡಾಕ್ಟರರ ಮುಂದೆ ಗಂಡನ ಮಾತನ್ನು ಸುಳ್ಳು ಮಾಡಬೇಕು. ಕೊಂಡಿ ತೆರೆದಳು, ಮುಚ್ಚಿದಳು. ಹೌದು, ಪರವಾಗಿಲ್ಲ ಎಂದಳು.

ಸೋಮವಾರ ಕಾಲು ತೆಗೆದರು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಲಾವೋನ್ ಅರ್ಧ ಕೈಗವುಸು ಹೆಣೆದಳು. ಟ್ರೂಡಿ ಅತ್ತಾಗ ಅವಳ ಬೆನ್ನು ತಟ್ಟಿದಳು. ಚರ್ಚಿನವರು ತಂದುಕೊಟ್ಟ ಏಳು ಹಾಟ್‌ಡಿಷ್‌ಗಳ ಪಾತ್ರೆ ತೊಳೆದು, ತಳದ ಹೆಸರು ನೋಡಿ, ಅವರವರ ಮನೆಗೆ ತಲುಪಿಸಿ, ಅದೇ ವಾರ ಧನ್ಯವಾದದ ಕಾರ್ಡು ಬರೆದಳು. ಏನು ಗಟ್ಟಿ ಹೆಂಗಸು ಎಂದು ಊರು ಹೊಗಳಿತು. ನನ್ನನ್ನು ಕೇಳಿದರೆ ಅದು ಗಟ್ಟಿತನವಲ್ಲ. ಹಿಮದಲ್ಲಿ ತುಂಬ ಹೊತ್ತು ನಿಂತವರಿಗೆ ಬೆರಳು ನೋಯುವುದಿಲ್ಲ, ಅಂಥದ್ದು.

ಡೆಲ್ಮರ್ ಮನೆಗೆ ಬಂದದ್ದು ಏಪ್ರಿಲ್ ಶುರುವಿನಲ್ಲಿ. ಕತ್ತರಿಸಿದ ಜಾಗ ಕೂಡಿಕೊಳ್ಳಬೇಕು, ಅದಕ್ಕೂ ಪ್ರೋಟೀನೇ ಬೇಕು, ಕೂಡದಿದ್ದರೆ ಮೊಣಕಾಲಿನ ಮೇಲೆ ಹೋಗಬೇಕಾಗುತ್ತದೆ ಎಂದು ಹೇಳಿಯೇ ಕಳಿಸಿದ್ದರು. ಲಾವೋನ್ ಐದೂವರೆಗೆ ಟರ್ಕಿಯ ಪಾತ್ರೆಯನ್ನು ಒಲೆಯಿಂದ ತೆಗೆದು ಮೇಜಿನ ಮೇಲಿಟ್ಟಳು. ಚೌಕ ಕತ್ತರಿಸಿ ಅವನ ಮುಂದಿಟ್ಟಳು. ಗಾಲಿಕುರ್ಚಿಯಲ್ಲಿ ಗರಾಜಿನ ಎರಡು ಮೆಟ್ಟಿಲು ಇಳಿಯುವಂತಿರಲಿಲ್ಲ. ಅವನು ಮುಳ್ಳುಚಮಚ ಎತ್ತಿಕೊಂಡ, ಚೌಕದ ಮೂಲೆಗೆ ಚುಚ್ಚಿದ, ಹಾಗೆಯೇ ಕೆಳಗಿಟ್ಟ.

“ನನ್ ಕೈಲಿ ಇದು ತಿನ್ನೋಕಾಗಲ್ಲ, ಲಾವೋನ್.”

ಮೂವತ್ತೆಂಟು ವರ್ಷದಲ್ಲಿ ಅವಳ ಮೇಜಿನಲ್ಲಿ ಅವನು ಬೇಡ ಎಂದದ್ದು ಅದೇ ಮೊದಲು. ಅವಳು ಕುರ್ಚಿ ಎಳೆದುಕೊಂಡು ಕೂತಳು.

“ಗೊತ್ತು. ಬಕೆಟ್ ನೋಡ್ದೆ.”

ಅವನು ಕೇಳಲೋ ಬೇಡವೋ ಎಂಬಂತೆ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದ. ಆಮೇಲೆ ಕೇಳಿದ.

“ಯಾವಾಗ?”

ನೀನು ಆಸ್ಪತ್ರೆಯಲ್ಲಿದ್ದಾಗ ಎನ್ನಬಹುದಿತ್ತು. ನಮ್ಮಲ್ಲಿ ಯಾರಾದರೂ ಹಾಗೆಯೇ ಎನ್ನುತ್ತಿದ್ದರು.

“ಡಾಕ್ಟರ ಹತ್ರ ಹೋಗೋಕೆ ಒಂಬತ್ತು ದಿನ ಮುಂಚೆ.”

ಡೆಲ್ಮರ್ ತಲೆಯಾಡಿಸಿದ. ಬಹಳ ಹೊತ್ತು ಆಡಿಸಿದ. ಬೈಯಲಿಲ್ಲ. ನಾನೂ ಹೇಳಬಹುದಿತ್ತು ಎಂದ, ನಿನಗೆ ಬೇಜಾರಾಗುತ್ತದೆ ಅಂದುಕೊಂಡೆ ಎಂದ. ಅಷ್ಟು ಹೇಳಿ ಪ್ಯಾಂಟಿನ ಮಡಿಸಿ ಪಿನ್ನು ಹಾಕಿದ ಜಾಗವನ್ನು ಅಂಗೈಯಿಂದ ಸವರಿಕೊಂಡ.

“ಮತ್ತೆ ಏನ್ ತಿಂತೀಯ?” ಎಂದು ಲಾವೋನ್ ಕೇಳಿದಳು. ಮದುವೆಯಾದಾಗಿನಿಂದ ಬಡಿಸಿದ್ದಳೇ ಹೊರತು ಹೀಗೆ ಕೇಳಿರಲಿಲ್ಲ.

ಅವನೂ ಯೋಚಿಸಬೇಕಾಯಿತು.

“ಮೊಟ್ಟೆ ತಿಂತೀನಿ. ಹುರಿದ್ರೆ. ಬೆಳಿಗ್ಗೆ ನಾಲ್ಕು, ರಾತ್ರಿ ನಾಲ್ಕು ಕೊಟ್ರೂ ತಿಂತೀನಿ.”

ಪಟ್ಟಿಯ ಎರಡನೆಯ ಸಾಲು ಅದೇ ಆಗಿತ್ತು. ಲಾವೋನ್ ಎದ್ದು ಬಾಣಲೆ ಇಟ್ಟು ಬೆಣ್ಣೆ ಹಾಕಿದಳು. ಒಂದಕ್ಕೆ ಆರು ಗ್ರಾಂ, ನಾಲ್ಕಕ್ಕೆ ಇಪ್ಪತ್ತನಾಲ್ಕು ಎಂಬ ಲೆಕ್ಕ ತಾನಾಗಿಯೇ ತಲೆಯಲ್ಲಿ ಓಡಿತು. ನವೆಂಬರಿನಿಂದ ಎಷ್ಟು ದಿನ ಎಂದು ಗುಣಿಸಹೊರಟಾಗ ಮೂರನೆಯ ಮೊಟ್ಟೆ ಕೈಯಲ್ಲೇ ಒಡೆದು ಒಲೆಯ ಮೇಲೆ ಸುರಿಯಿತು. ಐದು ತಿಂಗಳಲ್ಲಿ ಮೊದಲ ಸಲ ಅವಳಿಗೆ ನೋವಾಯಿತು, ಎಷ್ಟೆಂದರೆ ಒಲೆಯ ಕಂಬಿ ಹಿಡಿದುಕೊಳ್ಳಬೇಕಾಯಿತು. ಹಿಂದಿನಿಂದ ಡೆಲ್ಮರ್ ಏನಾಯಿತು ಎಂದು ಕೇಳಿದ. ಪರವಾಗಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಪರವಾಗಿಲ್ಲ ಅನ್ನೋಕಾಗಲ್ಲ, ಡೆಲ್,” ಎಂದಳು ಲಾವೋನ್. “ತುಂಬಾ ನೋವಾಗ್ತಿದೆ.”

ಅವನು ಗಾಲಿಕುರ್ಚಿಯನ್ನು ತಳ್ಳಿಕೊಂಡು ಒಲೆಯ ಹತ್ತಿರ ಬಂದ.