ಸೀಮೆಸುಣ್ಣ ಬಳಿದ ಮರದ ತುಂಡು

ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವವರಿಗಾಗಿ, ಭೋಸರಿಯ ನಮ್ಮ ಕಾರ್ಖಾನೆಯಲ್ಲಿ ಅಂಗೈ ಅಗಲದ ಕಂಪ್ಯೂಟರೊಂದು ತಯಾರಾಗಬೇಕಿತ್ತು. ಅದರ ಕೀಲಿಮಣೆ ರೂಪಿಸುವ ಕೆಲಸ ಕಲಬುರ್ಗಿ ಕಡೆಯ ಡ್ರಾಫ್ಟ್ಸ್‌ಮನ್ ಒಬ್ಬರದು. ಮೀಟರ್ ಓದುವವನ ಒಂದು ಕೈಯಲ್ಲಿ ಟಾರ್ಚು ಇರುತ್ತದೆ, ಉಳಿದ ಕೈಯ ಹೆಬ್ಬೆರಳೇ ಗತಿ. ಅದಕ್ಕೇ ಅವರು ಕಂಪ್ಯೂಟರಿನದೇ ಅಳತೆಯ ಮರದ ತುಂಡಿಗೆ ಸೀಮೆಸುಣ್ಣದ ಪುಡಿ ಬಳಿದು ಎದುರು ಸಿಕ್ಕವರಿಗೆಲ್ಲ ಹಿಡಿಯಲು ಕೊಡುತ್ತಿದ್ದರು. ಹೆಬ್ಬೆರಳು ಆಡಿ ಪುಡಿ ಅಳಿಸಿದ ಕಡೆ ಗುಂಡಿಗಳನ್ನು ಗುರುತಿಸುತ್ತಿದ್ದರು. ಸೊನ್ನೆಯ ಗುಂಡಿ ಮೂಲೆಯಲ್ಲೇಕೆ ಎಂದು ಕೇಳಿದರೆ ಒಂದೇ ಉತ್ತರ: "ನನಗ್ಯಾಕ ಕೇಳ್ತೀರಿ? ಬೆರಳಿಗೆ ಕೇಳ್ರಿ."

ಒಂದು ಮಧ್ಯಾಹ್ನ ಮಾಲೀಕರು ಹೊರದೇಶದಿಂದ ಬಂದ ಪೆಟ್ಟಿಗೆ ಒಡೆಸಿದರು. ಒಳಗೆ ಸಿದ್ಧ ಕಂಪ್ಯೂಟರುಗಳಿದ್ದವು, ಗುಂಡಿಗಳ ಸಮೇತ. ಆರ್ಡರು ಹೋಗಿ ತಿಂಗಳುಗಳೇ ಆಗಿದ್ದವಂತೆ.

"ನಿಮಗ ಯಾರೂ ಹೇಳಲಿಲ್ಲೇನ್ರಿ?" ಎಂದು ಮಾಲೀಕರೇ ಆಶ್ಚರ್ಯಪಟ್ಟರು!

ಡ್ರಾಫ್ಟ್ಸ್‌ಮನ್ ಒಂದನ್ನು ಎತ್ತಿಕೊಂಡರು. ಹೆಬ್ಬೆರಳು ತಾನಾಗಿ ಮೂಲೆಗೆ ಹೋಯಿತು. ಅಲ್ಲಿ ಗುಂಡಿಯಿಲ್ಲ, ಬರೀ ಪ್ಲಾಸ್ಟಿಕ್ಕು. ಅದನ್ನೇ ಒತ್ತಿದರು, ಮತ್ತೊಮ್ಮೆ ಒತ್ತಿದರು.

"ಛಲೋ ಅದರಿ," ಎಂದು ಪೆಟ್ಟಿಗೆಯೊಳಗಿಟ್ಟರು.

ಮರುದಿನ ಎಂದಿನಂತೆ ತುಂಡಿಗೆ ಪುಡಿ ಬಳಿದು ನನ್ನೆದುರು ಹಿಡಿದರು.

"ಇನ್ನ ಯಾಕ್ರಿ ಇದು?" ಎಂದೆ.

ಬೆರಳಿಗೆ ಕೇಳ್ರಿ ಎನ್ನಲಿಲ್ಲ. "ಒಂದ್ಸಲ ಹಿಡೀರಿ," ಎಂದರು.

ಹಿಡಿದು, ಹೆಬ್ಬೆರಳಾಡಿಸಿ ಕೊಟ್ಟೆ. ಪುಡಿ ಅಳಿಸಿದ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಂಗಿಯ ತೋಳಿನಿಂದ ಇಡೀ ತುಂಡನ್ನು ಒರೆಸಿಬಿಟ್ಟರು.